ಹಿಂದಕ್ಕೆ ಹಿಡಿದ ಟಾರ್ಚು

ಟಾಕೀಸಿನಲ್ಲಿ ಎಲ್ಲರೂ ಅವನನ್ನು ಟಾರ್ಚಣ್ಣ ಎಂದೇ ಕರೆಯುತ್ತಿದ್ದರು. ವಯಸ್ಸು ಐವತ್ತೆರಡು, ಮದುವೆಯಿಲ್ಲ, ಕಾಲಲ್ಲಿ ಚಕ್ರ. ತಡವಾಗಿ ಬಂದವರನ್ನು ಕತ್ತಲಲ್ಲಿ ಸೀಟಿಗೆ ಮುಟ್ಟಿಸುವುದು ಅವನ ಕೆಲಸ. ತಾನು ಮುಂದೆ ನಡೆಯುತ್ತ, ಟಾರ್ಚನ್ನು ಹಿಂದಕ್ಕೆ ತಿರುಗಿಸಿ ಬಂದವರ ಪಾದಕ್ಕೆ ಬೆಳಕು ಬಿಡಬೇಕು. ಮುಖಕ್ಕೆ ಬಿಟ್ಟರೆ ಬೈಗುಳ ಗ್ಯಾರಂಟಿ. ಇಪ್ಪತ್ತೆರಡು ವರ್ಷ ಹೀಗೆ ನಡೆದು ಅವನಿಗೆ ಮುಖಗಳಿಗಿಂತ ಚಪ್ಪಲಿಗಳ ಪರಿಚಯವೇ ಹೆಚ್ಚು. ಇಷ್ಟು ವರ್ಷದಲ್ಲಿ ಒಂದು ಸಿನಿಮಾವನ್ನಾದರೂ ಕೂತು ನೋಡಿದವನಲ್ಲ. ಆಟ ಮುಗಿಯಲು ಇನ್ನೈದು ನಿಮಿಷ ಇರುವಾಗಲೇ ಬಾಗಿಲು ತೆಗೆಯಲು ಓಡಬೇಕಾದ್ದರಿಂದ ಪಾಪ, ಯಾವ ಕಥೆಯ ಕೊನೆಯೂ ಅವನಿಗೆ ಗೊತ್ತಿಲ್ಲ.

ಆ ಮೂರು ವಾರ ಓಡಿದ್ದು ಒಂದು ನಗೆಯ ಸಿನಿಮಾ. ತಲೆ ನರೆತ ಬಸ್ ಕಂಡಕ್ಟರನೂ ಕನ್ನಡಕದ ಟೀಚರೂ ಎಡವುತ್ತ ತಡವರಿಸುತ್ತ ಪ್ರೀತಿಗೆ ಬೀಳುವ ಕಥೆ. ಹರೆಯದವರು ಅತ್ತ ಸುಳಿಯಲಿಲ್ಲ. ಔಷಧಿ ಅಂಗಡಿಯಲ್ಲಿ ಕೆಲಸ ಮಾಡುವ ಹೆಂಗಸೊಬ್ಬಳು ಮಾತ್ರ ವಾರಕ್ಕೆರಡು ಸಲ ಮಧ್ಯಾಹ್ನದ ಆಟಕ್ಕೆ ತಪ್ಪದೆ ಬರುತ್ತಿದ್ದಳು, ಅದೂ ದೀಪ ಆರಿದ ಮೇಲೆಯೇ. ಎಡಗಾಲಿನ ಚಪ್ಪಲಿಗೆ ಕೆಂಪು ದಾರದ ಹೊಲಿಗೆ. ಪರಿಚಯವಾದದ್ದು ಪಿಸುಮಾತಿನಲ್ಲೇ.

"ಎರಡು ಮೆಟ್ಟಿಲಿದೆ, ಹುಷಾರು."

"ದಿನವಿಡೀ ನಿಂತೇ ಇರ್ತೀನಿ ಕಣ್ರೀ. ಕೂತ್ಕೊಳ್ಳೋದಕ್ಕೇ ಇಲ್ಲಿಗೆ ಬರೋದು."

"ನಂದೂ ಅದೇ ಪಾಡು. ನಿಮ್ಮ ಚಪ್ಪಲಿ ಇವತ್ತೋ ನಾಳೆಯೋ ಕೈ ಕೊಡುತ್ತೆ, ನೋಡ್ತಿರಿ."

ಅಷ್ಟಕ್ಕೇ ಅವನ ನಿದ್ದೆ ಹಾರಿಹೋಯಿತು. ದಿನಾ ಅಂಗಿಗೆ ಇಸ್ತ್ರಿ ಹಾಕತೊಡಗಿದ. "ಏನೋ, ಐವತ್ತು ದಾಟಿದ ಮೇಲೆ ಇಸ್ತ್ರಿ ಪೆಟ್ಟಿಗೆ ನೆನಪಾಯ್ತಾ?" ಎಂದು ಅಕ್ಕ ಕೆಣಕಿದಳು. ಅವನು ಚಪ್ಪಲಿ ಮೆಟ್ಟಿಕೊಂಡು ಹೊರಟುಬಿಟ್ಟ.

ಸಿನಿಮಾದ ಕಡೇ ದಿನ ಬಂತು. ನಾಳೆಯಿಂದ ಹೊಡೆದಾಟದ ಚಿತ್ರ. ಅವಳು ಮತ್ತೆ ಇತ್ತ ಬರುತ್ತಾಳೆಂದು ಯಾವ ನಂಬಿಕೆ? ಕಾಫಿಗೆ ಕರೆಯುವುದಾದರೆ ಇವತ್ತೇ ಕರೆಯಬೇಕು. ದೀಪ ಆರಿತು. ತಡವಾಗಿ ಬಂದವರ ಪಾದಗಳನ್ನೆಲ್ಲ ನೋಡಿದ. ಕೆಂಪು ಹೊಲಿಗೆ ಕಾಣಲಿಲ್ಲ. ಬಾಲ ಸುಟ್ಟ ಬೆಕ್ಕಿನಂತೆ ಸಾಲಿನಿಂದ ಸಾಲಿಗೆ ಅಲೆದ. ಯಾರೋ "ರೀ, ಒಂದು ಕಡೆ ನಿಲ್ರೀ!" ಎಂದು ಗದರಿದರು.

ಆಟ ಮುಗಿಯಿತು. ಬಾಗಿಲು ಹಿಡಿದು ತಲೆ ತಗ್ಗಿಸಿ ಒಂದೊಂದೇ ಜೊತೆ ಕಾಲು ನೋಡಿದ. ಹೊಚ್ಚ ಹೊಸ ಚಪ್ಪಲಿಯ ಎರಡು ಪಾದಗಳು ಅವನೆದುರು ಬಂದು ನಿಂತವು.

"ಸ್ವಲ್ಪ ಪಕ್ಕಕ್ಕೆ ನಿಂತ್ಕೊಳ್ಳಿ ಅಮ್ಮ, ಒಬ್ಬರಿಗೆ ಕಾಯ್ತಿದೀನಿ."

"ಯಾರಿಗೆ?" ಗಟ್ಟಿಯಾದ, ಕೇಳರಿಯದ ದನಿ.

"ಇದ್ದಾರೆ ಒಬ್ರು. ಸರೀರಿ, ದಮ್ಮಯ್ಯ!"

ಆ ದನಿ ಪಿಸುಮಾತಿಗಿಳಿಯಿತು. "ಚಪ್ಪಲಿ ಕೈ ಕೊಡುತ್ತೆ ಅಂದಿದ್ದು ನೀವೇ ಅಲ್ವಾ? ಅದಕ್ಕೇ ಹೊಸದು ತಗೊಂಡೆ. ನೋಡ್ಲಿ ಅಂತ ಬೆಳಕಿದ್ದಾಗಲೇ ಬಂದೆ. ನೀವು ಕಣ್ಣೆತ್ತಿಯೂ ನೋಡ್ಲಿಲ್ಲ."

ಅವನು ತಲೆಯೆತ್ತಿದ. ನರೆಗೂದಲು, ಕೆನ್ನೆಯ ಮೇಲೊಂದು ಮಚ್ಚೆ, ನಗು ತಡೆಹಿಡಿದ ತುಟಿ. ನಾಚಿಕೆಯಿಂದ ಕಿವಿ ಬಿಸಿಯಾಯಿತು. ಕಾಫಿಯ ಮಾತು ಮರೆತೇ ಹೋಗಿ ಬಾಯಿಗೆ ಬಂದದ್ದನ್ನು ಕೇಳಿದ: "ಕೊನೇಲಿ ಅವರಿಬ್ರೂ ಒಂದಾಗ್ತಾರಾ?"

"ಅಯ್ಯೋ, ನಿಮಗೇ ಗೊತ್ತಿಲ್ವಾ? ಸಂಜೆ ಆಟಕ್ಕೆ ಎರಡು ಟಿಕೆಟ್ ತಗೋತೀನಿ. ಕೂತು ನೋಡಿ."

ಟಿಕೆಟ್ ಹರಿಯುವವನ ಕೈಗೆ ಟಾರ್ಚು ಕೊಟ್ಟು ಅವನು ಕೂತ. ಮೊಣಕಾಲು ಮಾತ್ರ ಉದ್ದಕ್ಕೂ ಕುಣಿಯುತ್ತಲೇ ಇತ್ತು. ಇನ್ನೈದು ನಿಮಿಷ ಎನ್ನುವಾಗ ಕಾಲುಗಳು ತಾವಾಗಿಯೇ ಎದ್ದವು. ಅವಳು ಇಸ್ತ್ರಿ ಹಾಕಿದ ತೋಳನ್ನು ಹಿಡಿದೆಳೆದಳು.

"ಬಾಗಿಲು ಯಾರಾದ್ರೂ ತೆಗೀತಾರೆ. ನೀವು ಕೂತ್ಕೊಳ್ಳಿ."

ಅವನು ಕೂತ.