ರಬ್ಬರ್ ದೋಣಿಯ ಖಾಲಿ ಜಾಗ

ದೋಣಿ ಒತ್ತುವ ಬಿದಿರ ಗಳದ ಮೇಲ್ತುದಿಯಲ್ಲಿ, ಅಜ್ಜಯ್ಯನ ಅಂಗೈ ಹಿಡಿಯುತ್ತಿದ್ದ ಕಡೆ, ಒಂದು ಗೇಣು ನುಣುಪಾಗಿ ಕಪ್ಪಾಗಿತ್ತು. ಅಲ್ಲಿ ಮೂಗಿಟ್ಟರೆ ಹೊಗೆಸೊಪ್ಪು, ಪಾಚಿ, ಬೆವರಿನ ವಾಸನೆ ಒಟ್ಟಿಗೆ ಬರುತ್ತಿತ್ತು. ಶಂಕರನಾರಾಯಣ ಪೇಟೆಯ ಆಚೆ, ಹೊಳೆಯ ದಡದಲ್ಲಿದ್ದ ನಮ್ಮ ಮನೆಗೆಲ್ಲ ಅದೇ ವಾಸನೆ. ಮನೆ ಈಗಿಲ್ಲ, ಆ ಜಾಗದಲ್ಲಿ ಪ್ರವಾಸಿಗರ ಕಾರುಗಳು ನಿಲ್ಲುತ್ತವೆ. ಸೇತುವೆ ಆಗುವವರೆಗೆ ಊರಿನವರನ್ನು ಹೊಳೆ ದಾಟಿಸಿದವರು ಅಜ್ಜಯ್ಯ. ಸಣ್ಣವಳಿದ್ದಾಗ ನಾನು ದೋಣಿಯಂಚಿನಲ್ಲಿ ಕುಳಿತು, ಕಾಲ ಬೆರಳು ನೀರಿಗಿಳಿಸಿ, ಅವರು ಒಂದೊಂದೇ ಬಂಡೆಯ ಹೆಸರು ಹೇಳುವುದನ್ನು ಕೇಳುತ್ತಿದ್ದೆ. ಮೇಲೆ ಅಣೆಕಟ್ಟು ಬಂದಿತ್ತು. ಮೋಡವಿಲ್ಲದ ಬೇಸಗೆಯಲ್ಲೂ, ವಿದ್ಯುತ್ ತಯಾರಿಸಿದ ನೀರನ್ನು ಕೆಳಗೆ ಬಿಟ್ಟೊಡನೆ ಹೊಳೆ ಏರುತ್ತಿತ್ತು. "ನಮ್ ಹೊಳಿಗೂ ಸ್ವಿಚ್ ಹಾಕಿರ್ ಮಗಾ," ಎಂದು ಅಜ್ಜಯ್ಯ ನಗುತ್ತಿದ್ದರು.

ಆ ನೀರನ್ನೇ ನಂಬಿ, ಪ್ರವಾಸಿಗರನ್ನು ರಬ್ಬರ್ ದೋಣಿಯಲ್ಲಿ ತೇಲಿಸುವ ರಾಫ್ಟಿಂಗ್ ಬಂತು. ಪಿಯುಸಿ ರಜೆಯಲ್ಲಿ ನನಗೆ, ಬಂದವರಿಗೆ ಲೈಫ್ ಜಾಕೆಟ್ ಕಟ್ಟಿ ನಿಯಮ ಹೇಳುವ ಕೆಲಸ ಸಿಕ್ಕಿತು. ಒಂದು ದಿನ ಅಜ್ಜಯ್ಯ ಸಂಕೋಚದಿಂದ ಕೇಳಿದರು: "ಆ ರಬ್ಬರ್ ದೋಣ್ಯಂಗೆ ಒಂದ್ ಸಲ ನನ್ನೂ ಕೂಕಂಬುಕೆ ಬಿಡ್ತ್ರಾ ಮಗಾ?" ಜಾಗ ಖಾಲಿಯಿದ್ದರೆ ಕೆಲಸದವರು ತಮ್ಮ ಮನೆಯವರನ್ನು ಕೂರಿಸಬಹುದಿತ್ತು. "ನಾಳೆ ಬನ್ನಿ ಅಜ್ಜಯ್ಯ," ಎಂದೆ.

ಬಂದರು. ಒಗೆದ ಪಂಚೆ, ಬರಿಗಾಲು, ಹೆಗಲ ಮೇಲೆ ಗಳ. ಗಳವಿಲ್ಲದೆ ದೋಣಿ ಹತ್ತುವುದು ಅವರಿಗೆ ಗೊತ್ತೇ ಇರಲಿಲ್ಲ. ಬಗ್ಗಿ ನೀರು ಮುಟ್ಟಿ ಕಣ್ಣಿಗೊತ್ತಿಕೊಂಡರು. ರಾಫ್ಟಿನಲ್ಲಿದ್ದದ್ದು ನನ್ನದೇ ವಯಸ್ಸಿನ ಕಾಲೇಜು ಹುಡುಗಿಯರು. "ಅಯ್ಯೋ, ತಾತ ರಾಫ್ಟ್‌ಗೆ ತೂತು ಮಾಡೋಕೆ ಬಂದ್ರು ಕಣ್ರೇ!" ಎಂದಳೊಬ್ಬಳು. ಎಲ್ಲರೂ ನಕ್ಕರು. ನಾನೂ ನಕ್ಕೆ.

"ನಿಮ್ಮವರಾ?" ಎಂದು ಇನ್ನೊಬ್ಬಳು ಕೇಳಿದಳು.

ಒಂದು ಜಾಗ ಖಾಲಿಯಿತ್ತು. "ಅಲ್ಲ, ಊರವರು ಯಾರೋ," ಎಂದೆ.

ಅಜ್ಜಯ್ಯ ನಾಲ್ಕೇ ಹೆಜ್ಜೆ ದೂರದಲ್ಲಿದ್ದರು. ಗಳವನ್ನು ಹೆಗಲಿನಿಂದ ಇಳಿಸಿ, ನನ್ನ ಮುಖ ನೋಡದೆ ನನಗೇ, "ನೀವ್ ಹೋಯ್ನಿ ಅಮ್ಮಾ, ನೀರ್ ಬಂತ್," ಎಂದರು. ಹುಟ್ಟಿದಾಗಿನಿಂದ ನನ್ನನ್ನು ಮಗಾ ಎಂದೇ ಕರೆದ ಬಾಯಿ ಅದು. ನನ್ನ ಸುಳ್ಳು ಬಯಲಾಗಬಾರದೆಂದು ಅವರೇ ಹೊರಗಿನವರಾದರು. ಸಂಜೆ ಅಜ್ಜಿ, ಹೇಗಿತ್ತು ಸವಾರಿ ಎಂದು ಕೇಳಿದಾಗ, "ಜಾಗ ಇರ್ಲಿಲ್ಲ ಮಾರಾಯ್ತಿ, ಎಂತ ಮಾಡುದ್?" ಎಂದರು.

ಅವರು ತೀರಿಕೊಂಡು ಎರಡು ಮಳೆಗಾಲವಾಯಿತು. ಇಲ್ಲವಾದ ಮನೆಯ ಕಥೆ ಹೇಳುವಾಗ ನೀವೂ ಬಿಟ್ಟು ಮುಂದೆ ಹೋಗುವ ಒಂದು ದಿನವಿರಬಹುದು, ನನ್ನದು ಇದು.

ರಾಫ್ಟಿನ ಆ ದಿನ ಕಳೆದು ಮರುದಿನ ಬೆಳಿಗ್ಗೆ ಅಜ್ಜಯ್ಯ ಎಂದಿನಂತೆ ಜಗಲಿಯಲ್ಲಿ ಕುಳಿತಿದ್ದರು. ನಾನು ಹಿಂಬಾಗಿಲಿನಿಂದ ಇಳಿದು, ಗದ್ದೆಯಂಚಿನ ಸುತ್ತುದಾರಿ ಹಿಡಿದು ಕೆಲಸಕ್ಕೆ ಹೋದೆ.