ಸರಿ ಉತ್ತರಕ್ಕೆ ಅಡ್ಡಗೆರೆ

ಕೊಳ್ಳೇಗಾಲದಲ್ಲಿ ನಾನು ಅಜ್ಜೀಪುರದ ಬಸ್ಸು ಹತ್ತಿದಾಗ ಪಕ್ಕದಲ್ಲಿದ್ದ ಹೆಂಗಸು ಹಳೇ ಕ್ಯಾಲೆಂಡರ್ ಹಾಳೆಯ ಹಿಂಬದಿಯಲ್ಲಿ ಲೆಕ್ಕ ಮಾಡುತ್ತಿದ್ದರು. ಹನ್ನೆರಡನ್ನು ಸೊನ್ನೆ ಪಾಯಿಂಟ್ ಎಂಟರಿಂದ ಭಾಗಿಸಬೇಕು. ಬಿಂದು ಸರಿಸಿ, ನೂರಿಪ್ಪತ್ತನ್ನು ಎಂಟರಿಂದ ನೀಟಾಗಿ ಭಾಗಿಸಿ, ಹದಿನೈದು ಅಂತ ಬರೆದರು. ಆಮೇಲೆ ಅದರ ಮೇಲೆ ಅಡ್ಡಗೆರೆ ಎಳೆದುಬಿಟ್ಟರು.

ನನಗೆ ತಡೆಯಲಾಗಲಿಲ್ಲ. "ಸರಿಯಾಗಿತ್ತಲ್ಲಮ್ಮ, ಯಾಕೆ ಹೊಡೆದುಹಾಕಿದ್ರಿ?"

"ಎಲ್ ಸರಿ ಸಾ? ಅನ್ನೆರಡ ಅಂಚುದ್ರೆ ಅದಿನೈದಾದದಾ? ಅಂಚುದ್ರೆ ಕಮ್ಮಿಯಾಗ್ಬೇಕು."

ಅವರು ಶಾಲೆಯಲ್ಲಿ ಬಿಸಿಯೂಟದ ಅಡುಗೆ ಮಾಡುವವರಂತೆ. ಎಸ್ಸೆಸ್ಸೆಲ್ಸಿ ಗಣಿತ ಎರಡನೇ ಸಲ ಬರೆಯುತ್ತಿದ್ದರು, ಪರೀಕ್ಷೆ ನಾಳೆಯೇ. ನಿಯಮ ಹೇಳಿದರೆ ನಂಬುವ ಹಾಗೆ ಕಾಣಲಿಲ್ಲ. "ಹನ್ನೆರಡು ಸೌಟು ಸಾಂಬಾರಿದೆ ಅನ್ಕೊಳ್ಳಿ. ಒಬ್ಬೊಬ್ಬರಿಗೆ ಪೂರ್ತಿ ಸೌಟಿಗಿಂತ ಒಂಚೂರು ಕಮ್ಮಿ ಬಡಿಸಿದರೆ ಹನ್ನೆರಡೇ ಮಕ್ಕಳಿಗಾಗುತ್ತಾ?" ಅಂದೆ.

"ಇನ್ನೊಂದಷ್ಟು ಮಕ್ಕಳ್ಗೂ ಆಯ್ತದೆ. ದಿನಾ ಅದೇ ಮಾಡದು ನಾವು," ಅಂದವರು ಹೊಡೆದುಹಾಕಿದ ಹದಿನೈದನ್ನೇ ಪಕ್ಕದಲ್ಲಿ ಮತ್ತೆ ಬರೆದರು. ಆಮೇಲೆ ಮೆಲ್ಲಗೆ ಹೇಳಿದರು: "ಓದ್ಸಲ ಪರೀಕ್ಷೇಲೂ ಇಂಗೇ ಬಂದಿತ್ತು ಸಾ. ನಾನೇ ಒಡ್ದಾಕ್ಬುಟ್ಟು ಬಂದೆ."

ಹನೂರಿನಲ್ಲಿ ಇಳಿಯುವಾಗ, "ನಾಳೆ ಒಂದೂ ಒಡ್ದಾಕಲ್ಲ ಕಣ್ ಸಾ" ಅಂತ ನನಗೇ ಧೈರ್ಯ ಹೇಳಿ ಹೋದರು.

ಅವರೆದ್ದ ಜಾಗಕ್ಕೆ ಕಂಡಕ್ಟರ್ ಮೂವರನ್ನು ತಂದು ಒತ್ತಿದರು. ನಾನೂ ಕಿಟಕಿ ಪಕ್ಕದವರೂ ಸೇರಿ ಮೂವರ ಸೀಟಿನಲ್ಲಿ ಈಗ ಐವರು. ಜಗಳಕ್ಕೆ ಬಾಯಿ ತೆರೆದವನು ಹಾಗೇ ಮುಚ್ಚಿಕೊಂಡೆ. ಮೂರು ಸೀಟನ್ನು ತಲೆಗೆ ಸೊನ್ನೆ ಪಾಯಿಂಟ್ ಆರರಂತೆ ಭಾಗಿಸಿದರೆ ಐದೇ ಬರುವುದು. ಲೆಕ್ಕ ಸರಿಯಿತ್ತು, ಸೊಂಟಕ್ಕೆ ಮಾತ್ರ ಅದು ಒಪ್ಪಿಗೆಯಾಗಲಿಲ್ಲ.