ನಿಮಿಷಪ್ಪನ ಹಲ್ಲು

ನಿಮಿಷಪ್ಪ ಅನ್ನುವುದು ಹೆತ್ತವರು ಇಟ್ಟ ಹೆಸರಲ್ಲ. ಮೂವತ್ತೆಂಟು ವರ್ಷ ಅವನು ಪುಸ್ತಕಗಳಿಗೆ ರಟ್ಟು ಕಟ್ಟಿದ ಮುದ್ರಣಾಲಯದಲ್ಲಿ ಜೊತೆಗಾರರು ಇಟ್ಟದ್ದು. ಊಟಕ್ಕೆ ಕರೆಯಲಿ, ಮಾಲೀಕರು ಕರೆಯಲಿ, ಒಮ್ಮೆ ಕಾಗದದ ಗೋದಾಮಿನಲ್ಲಿ ಹೊಗೆ ಎದ್ದು ಎಲ್ಲರೂ ಎದ್ದೆವೋ ಬಿದ್ದೆವೋ ಎಂದು ಹೊರಗೆ ಓಡುವಾಗಲೇ ಕರೆಯಲಿ, ಅವನ ಬಾಯಿಂದ ಬರುತ್ತಿದ್ದದ್ದು ಒಂದೇ ಮಾತು: "ಇನ್ನೊಂದು ನಿಮಿಷ." ಕೈಯಲ್ಲಿದ್ದ ಹೊಲಿಗೆಗೆ ಗಂಟು ಬೀಳದೆ ಆಸಾಮಿ ಮೇಲೇಳುತ್ತಿರಲಿಲ್ಲ. ಅರ್ಧಕ್ಕೆ ಬಿಟ್ಟರೆ ದಾರ ಸಡಿಲವಾಗುತ್ತದೆ, ದಾರ ಸಡಿಲವಾದರೆ ಹಾಳೆಗಳು ಅಲ್ಲಾಡುತ್ತವೆ ಎನ್ನುವುದು ಅವನ ವಾದ. ಅದು ನಿಜವೂ ಹೌದು. ಆದರೆ ಮಗಳ ಶಾಲೆಯ ಕಾರ್ಯಕ್ರಮಕ್ಕೆ ತಡವಾಗಿ ಹೋಗಲು, ಬಸ್ಸು ತಪ್ಪಿಸಿಕೊಳ್ಳಲು, ಬಿಸಿ ಚಹಾ ಆರಿಸಿ ಕುಡಿಯಲು ಯಾವ ದಾರ ಅಡ್ಡ ಬಂದಿತ್ತೋ, ಅದನ್ನು ಅವನೇ ಹೇಳಬೇಕು.

ಹೆಂಡತಿ ತೀರಿಕೊಂಡು ಎರಡು ತಿಂಗಳಾಗಿತ್ತು. ಈ ಎರಡು ತಿಂಗಳಲ್ಲಿ ನಿಮಿಷಪ್ಪ ಆ ಮಾತನ್ನು ಒಮ್ಮೆಯೂ ಆಡಿರಲಿಲ್ಲ. ಕರೆದರೆ ತಕ್ಷಣ ಏಳುತ್ತಿದ್ದ, ತಿನ್ನು ಎಂದರೆ ತಿನ್ನುತ್ತಿದ್ದ, ಮಲಗು ಎಂದರೆ ಮಲಗುತ್ತಿದ್ದ. ಬ್ರೆಡ್ಡು ಬಾಯಲ್ಲಿ ರಟ್ಟಿನ ಹಾಗಿತ್ತು. ಉಪ್ಪು ಕಡಿಮೆಯೋ ಜಾಸ್ತಿಯೋ ಗೊತ್ತಾಗುತ್ತಿರಲಿಲ್ಲ. ದುಃಖ ಎಂದೂ ಅನ್ನುವ ಹಾಗಿರಲಿಲ್ಲ. ಮರಗಟ್ಟಿದ ಕಾಲಿನ ಮೇಲೆ ಎಷ್ಟು ಹೊತ್ತು ಕೂತರೂ ಅದು ತನ್ನ ಕಾಲು ಅನ್ನಿಸುವುದಿಲ್ಲವಲ್ಲ, ಅವನಿಗೆ ಮೈಯೆಲ್ಲ ಹಾಗಾಗಿತ್ತು. ಅವನು ಆ ಮಾತು ಬಿಟ್ಟದ್ದನ್ನು ಯಾರೂ ಗಮನಿಸಲಿಲ್ಲ. ಎಲ್ಲರೂ ಗಮನಿಸಿದ್ದು ಅವನ ಕಣ್ಣಲ್ಲಿ ನೀರು ಬರಲಿಲ್ಲ ಎಂಬುದನ್ನು. ಕೆಳಮನೆಯ ದರ್ಜಿ ಅವನನ್ನು ಗಟ್ಟಿ ಮನುಷ್ಯ ಎಂದ. ಮಗಳು ಕಲ್ಲು ಎಂದಳು, ಅದೂ ಮುಖದ ಮೇಲೆಯೇ.

ನಡೆದದ್ದು ಇಷ್ಟು. ಆಸ್ಪತ್ರೆಯ ವಾರ್ಡಿನಲ್ಲಿ ರೋಗಿಗಳ ಹೆಸರು ಬರೆಯುವ ದಪ್ಪ ರಿಜಿಸ್ಟರ್ ಒಂದಿತ್ತು, ಬೆನ್ನು ಕಿತ್ತುಹೋಗಿತ್ತು. ಹೆಂಡತಿಯ ಪಕ್ಕ ಹದಿನಾಲ್ಕು ದಿನ ಕೈಕಟ್ಟಿ ಕೂತ ನಿಮಿಷಪ್ಪ ಹದಿನೈದನೆಯ ದಿನ ತಡೆಯಲಾರದೆ ಹೆಡ್ ಸಿಸ್ಟರನ್ನು ಕೇಳಿ ಅದನ್ನು ಇಸಿದುಕೊಂಡ. ಹೊರಗಿನ ಬೆಂಚಿನ ಮೇಲೆ ಕೂತು ಸೂಜಿ ದಾರ ತೆಗೆದು ಹೊಲಿಯತೊಡಗಿದ. ಎರಡು ಹೊಲಿಗೆ, ಒಂದು ಗಂಟು ಬಾಕಿ ಇದ್ದಾಗ ಹೆಡ್ ಸಿಸ್ಟರ್ ಬಾಗಿಲಿಗೆ ಬಂದು, "ಬನ್ನಿ, ನಿಮ್ಮನ್ನ ಕರೀತಿದಾರೆ" ಎಂದರು. ಅವನು ತಲೆ ಎತ್ತದೆ, "ಇನ್ನೊಂದು ನಿಮಿಷ" ಎಂದ. ಗಂಟು ಹಾಕಿ, ದಾರ ಕಡಿದು, ಒಳಗೆ ಹೋಗುವಷ್ಟರಲ್ಲಿ ಎಲ್ಲ ಮುಗಿದಿತ್ತು.

ಇದನ್ನು ಅವನು ಮಗಳಿಗೆ ಹೇಳಿರಲಿಲ್ಲ. ಅಪ್ಪ ಪಕ್ಕದಲ್ಲೇ ಇದ್ದ ಎಂದು ಅವಳು ತಿಳಿದಿದ್ದಳು, ಇವನು ತಿದ್ದಲಿಲ್ಲ. ಆ ಒಂದು ನಿಮಿಷ ಹೆಂಡತಿಗೆ ಎಚ್ಚರವಿತ್ತೇ, ತಾನು ಬರಲಿಲ್ಲ ಎಂದು ಅವಳಿಗೆ ತಿಳಿಯಿತೇ? ಅದನ್ನು ಬಲ್ಲವರು ಹೆಡ್ ಸಿಸ್ಟರ್ ಒಬ್ಬರೇ. ಅವರನ್ನು ಕೇಳುವ ಧೈರ್ಯ ಅವನಿಗಿರಲಿಲ್ಲ.

ಭಾನುವಾರ ಮಧ್ಯಾಹ್ನ ಮಗಳು ಚೀಲ ತುಂಬ ಬೆಣ್ಣೆ, ಸಕ್ಕರೆ, ಚಾಕೊಲೇಟ್, ಬಾದಾಮಿ ಹೊತ್ತುಕೊಂಡು ಬಂದಳು. ಅವಳು ಡ್ರೈವಿಂಗ್ ಶಾಲೆಯಲ್ಲಿ ಕಾರು ಕಲಿಸುವವಳು. ಮನೆಯಲ್ಲೂ ಮಾತೆಲ್ಲ ಎಡಕ್ಕೆ ತಿರುಗು, ನಿಲ್ಲಿಸು, ಕನ್ನಡಿ ನೋಡು ಎನ್ನುವ ಧಾಟಿಯಲ್ಲೇ.

"ಏಳು ಅಪ್ಪ. ಟಾಫಿ ಮಾಡ್ಬೇಕು."

ನಿಮಿಷಪ್ಪ ಎದ್ದ.

"ಅಮ್ಮ ಹೆಡ್ ಸಿಸ್ಟರ್‌ಗೆ ಮಾತು ಕೊಟ್ಟಿದ್ಲು, ಮನೆಗೆ ಹೋದ್ಮೇಲೆ ಒಂದು ಡಬ್ಬ ಟಾಫಿ ಕಳಿಸ್ತೀನಿ ಅಂತ. ಅವರಿಗೆ ವರ್ಗ ಆಗಿದೆಯಂತೆ. ನಾಳೆ ಬೆಳಗ್ಗೆನೇ ಕೊನೆ. ಆಮೇಲೆ ಎಲ್ಲಿ ಹುಡುಕ್ಕೊಂಡು ಹೋಗೋದು?"

ನಾಳೆಯೇ ಕೊನೆ ಎಂಬ ಮಾತು ನಿಮಿಷಪ್ಪನ ಕಿವಿಗೆ ಬಿತ್ತು. ಅವನು ಕೈ ತೊಳೆಯಲು ಹೋದ.

ಆ ಮನೆಯಲ್ಲಿ ಟಾಫಿ ಎಂದರೆ ಇಬ್ಬರ ಕೆಲಸ. ದಪ್ಪ ತಳದ ಪಾತ್ರೆಯಲ್ಲಿ ಬೆಣ್ಣೆ ಸಕ್ಕರೆ ಹಾಕಿ ಸಣ್ಣ ಉರಿಯಲ್ಲಿ ಬಿಡದೆ ಕೈಯಾಡಿಸುವುದು ಹೆಂಡತಿಯ ಪಾಲು. ಪಾಕ ನೊರೆಗಟ್ಟಿ, ಹಳದಿಯಾಗಿ, ಆಮೇಲೆ ಕಂದು ಬಣ್ಣಕ್ಕೆ ತಿರುಗುವ ಹೊತ್ತಿಗೆ ಅವಳು ಒಂದು ಹನಿಯನ್ನು ತಣ್ಣೀರಿಗೆ ಬಿಟ್ಟು, ಗಟ್ಟಿಯಾದದ್ದನ್ನು ಚಮಚದಲ್ಲಿ ಗಂಡನ ಬಾಯಿಗೆ ಹಿಡಿಯುವಳು. ಹಲ್ಲಿಗೆ ಅಂಟಿದರೆ ಇನ್ನೂ ಆಗಿಲ್ಲ, ಕಟಕ್ಕನೆ ಮುರಿದರೆ ಆಯಿತು. ಆಮೇಲಿನ ಕೆಲಸ ನಿಮಿಷಪ್ಪನದು. ತಟ್ಟೆಗೆ ಸುರಿದ ಬಿಸಿ ಟಾಫಿಯ ಮೇಲೆ ಚಾಕೊಲೇಟ್ ಚೂರು ಹರಡಿ, ಅದು ಬೆವರಿ ಹೊಳೆಯುವವರೆಗೆ ಕಾದು, ಕಾಗದದ ಮಡಿಕೆ ಒತ್ತುವ ತನ್ನ ಚಪ್ಪಟೆ ಪಟ್ಟಿಯಿಂದ ಅಂಚಿನಿಂದ ಅಂಚಿಗೆ ಒಂದೇ ಸಮನಾಗಿ ಸವರುವುದು. ಮೂವತ್ತೊಂದು ವರ್ಷ ಹೀಗೇ ನಡೆದಿತ್ತು. ನಿಮಿಷಪ್ಪನ ಹಲ್ಲಿನ ಖ್ಯಾತಿ ಬೀದಿಯ ತುದಿಯವರೆಗೂ ಹಬ್ಬಿತ್ತು. ಅವನ ಬಾಯಲ್ಲಿರುವುದು ಹಲ್ಲಲ್ಲ, ಥರ್ಮಾಮೀಟರು ಎನ್ನುತ್ತಿದ್ದರು. ಅವನೂ ಇಲ್ಲ ಎನ್ನುತ್ತಿರಲಿಲ್ಲ.

ಮಗಳು ಅಮ್ಮನ ಅಡುಗೆ ಪುಸ್ತಕ ತೆಗೆದು ಅಳತೆ ನೋಡಿದಳು. ಮುದ್ರಣಾಲಯದಲ್ಲಿ ಉಳಿದ ಕಾಗದದ ಅಂಚುಗಳನ್ನು ಸೇರಿಸಿ ನಿಮಿಷಪ್ಪನೇ ಹೊಲಿದುಕೊಟ್ಟ ಪುಸ್ತಕ ಅದು. ಅಳತೆ ಸಿಕ್ಕಿದ ಕೂಡಲೇ ಅವಳು ಅದನ್ನು ಬದಿಗಿಟ್ಟಳು. ಉಳಿದದ್ದನ್ನು ಚಿಕ್ಕಂದಿನಿಂದ ನೋಡಿದ್ದೇ ಇದೆಯಲ್ಲ! ಬೆಣ್ಣೆ ಕರಗಿತು, ಪಾಕ ಬುಳುಬುಳು ಎಂದಿತು, ಬಣ್ಣ ತಿರುಗಿತು. ಅಮ್ಮ ಹಿಡಿಯುತ್ತಿದ್ದ ಹೊತ್ತಿಗೇ ಸರಿಯಾಗಿ ಚಮಚ ಅಪ್ಪನ ಬಾಯಿಗೆ ಬಂತು.

ನಿಮಿಷಪ್ಪ ಕಚ್ಚಿದ. ಅಂಟಿತೋ, ಮುರಿಯಿತೋ, ಅವನು ಗಮನಿಸಲೇ ಇಲ್ಲ. ಆ ಹೊತ್ತಿಗೆ ಬಾಯಿಗೆ ಬರಬೇಕಾದ ಮಾತು ಬಂದು ಹಲ್ಲಿನ ಹಿಂದೆ ನಿಂತಿತು. ಅದನ್ನು ನುಂಗಿ, "ತೆಗಿ" ಎಂದ.

"ಆಯ್ತಾ? ಇಷ್ಟು ಬೇಗ?"

"ಆಯ್ತು, ತೆಗಿ."

ಅವಳು ತೆಗೆದು ಸುರಿದಳು. ಇವನು ಚಾಕೊಲೇಟ್ ಹಾಕಿ ಸವರಿದ. ಮೇಲಿನಿಂದ ನೋಡಲು ಅಚ್ಚುಕಟ್ಟಾಗಿತ್ತು, ಹೊಸ ಪುಸ್ತಕದ ರಟ್ಟಿನ ಹಾಗೆ. ಅರ್ಧ ಗಂಟೆ ಬಿಟ್ಟು ಮಗಳು ಅಂಚು ಮುರಿಯಹೋದಳು. ಅದು ಮುರಿಯಲಿಲ್ಲ, ಬಾಗಿತು. ಎಳೆದರೆ ದಾರದಂತೆ ಎಳೆ ಬಿಟ್ಟಿತು. ಬಾಯಿಗೆ ಹಾಕಿಕೊಂಡವಳ ಮೇಲಿನ ದವಡೆ ಕೆಳಗಿನ ದವಡೆ ಒಂದಕ್ಕೊಂದು ಅಂಟಿ, ಅವಳು ಅಪ್ಪನನ್ನು ಬೈಯಲು ಕೂಡ ಸ್ವಲ್ಪ ಹೊತ್ತು ಕಾಯಬೇಕಾಯಿತು.

"ಏನಪ್ಪ ಇದು? ನಿನ್ನ ಹಲ್ಲಿಗೆ ಏನಾಯ್ತು?"

"ಗೊತ್ತಿಲ್ಲ."

"ಗೊತ್ತಿಲ್ಲ, ಗೊತ್ತಿಲ್ಲ. ಎರಡು ತಿಂಗಳಿಂದ ಅದೇ ಆಯ್ತು. ಅಮ್ಮನ ಕೊನೆ ಮಾತು ಇದು. ಇದನ್ನಾದ್ರೂ ಮನಸ್ಸಿಟ್ಟು ಮಾಡೋಕಾಗಲ್ವಾ ನಿನಗೆ?"

ಬೆಣ್ಣೆ ಇನ್ನೊಂದು ಸಲಕ್ಕೆ ಮಾತ್ರ ಇತ್ತು. ಅವಳು ಸಿಡಿಮಿಡಿಗುಟ್ಟುತ್ತ ಪುಸ್ತಕವನ್ನು ಮತ್ತೆ ಕೈಗೆತ್ತಿಕೊಂಡು ಹಾಳೆ ತಿರುಗಿಸಿದಳು. ಹಾಳೆಯ ಹಿಂಬದಿಯಲ್ಲಿ ಅಮ್ಮನ ಓರೆ ಅಕ್ಷರದಲ್ಲಿ ನಾಲ್ಕು ಸಾಲಿತ್ತು. ಅವಳು ಮೊದಲು ಮನಸ್ಸಿನಲ್ಲೇ ಓದಿಕೊಂಡಳು, ಆಮೇಲೆ ಅಪ್ಪನ ಮುಂದೆ ಹಿಡಿದಳು.

"ರಟ್ಟಿನ ಬಣ್ಣ ಬರುವುದಕ್ಕೆ ಒಂದು ನಿಮಿಷ ಮುಂಚೆಯೇ ಅಪ್ಪನಿಗೆ ಚಮಚ ಕೊಡು. ಹೇಗಿದ್ದರೂ ಇನ್ನೊಂದು ನಿಮಿಷ ಅನ್ನುತ್ತಾರೆ. ಆಗ ಸರಿಹೋಗುತ್ತದೆ. ಅವರಿಗೆ ಇದನ್ನು ಹೇಳಬೇಡ, ಹಲ್ಲಿನ ಮೇಲೆ ಬಹಳ ಹೆಮ್ಮೆ."

ನಿಮಿಷಪ್ಪ ಎರಡು ಸಲ ಓದಿದ. ಮೂವತ್ತೊಂದು ವರ್ಷ ಅವನು ಹೇಳಿದ್ದು ಒಂದೇ ಮಾತು. ಅದು ಪ್ರತಿ ಸಲ ನಿಜವಾಗುವಂತೆ ನೋಡಿಕೊಂಡವಳು ಅವಳು. ನಗು ಬರಬೇಕಿತ್ತು, ಬರಲಿಲ್ಲ. ಹಲ್ಲನ್ನು ನಾಲಿಗೆಯಿಂದ ಒಮ್ಮೆ ಮುಟ್ಟಿ ನೋಡಿಕೊಂಡ. ಅದು ಎಲ್ಲರ ಹಲ್ಲಿನಂತೆ ಒಂದು ಹಲ್ಲು.

"ಕೇಳಿಸ್ತಾ? ಈ ಸಲ ನಾನು ಕೊಟ್ಟಾಗ ನೀನು ಅದೇ ಮಾತು ಹೇಳು. ಅಷ್ಟು ಮಾಡಿದ್ರೆ ಸಾಕು" ಎಂದು ಮಗಳು ಮತ್ತೆ ಒಲೆ ಹಚ್ಚಿದಳು.

ಬೆಣ್ಣೆ ಕರಗಿತು. ಪಾಕ ನೊರೆಗಟ್ಟಿತು. ಅಡುಗೆಮನೆಯ ಪುಟ್ಟ ಕಿಟಕಿಯ ಗಾಜು ಮಬ್ಬಾಯಿತು. ಚಮಚ ಬಂತು. ನಿಮಿಷಪ್ಪ ಕಚ್ಚಿದ, ಈ ಸಲ ಗಮನವಿಟ್ಟು ಕಚ್ಚಿದ. ಹಲ್ಲಿಗೆ ಅಂಟಿತು. ಬಾಯಿ ತೆರೆದ. ಮಾತು ಹೊರಡಲಿಲ್ಲ.

"ಅಪ್ಪ, ಹೇಳು."

ತುಟಿ ಅಲ್ಲಾಡಿತು, ಅಷ್ಟೇ.

"ಅಪ್ಪಾ! ಸೀದುಹೋಗತ್ತೆ, ಹೇಳು!"

"ಇನ್ನೊಂದು ನಿಮಿಷ" ಎಂದ ನಿಮಿಷಪ್ಪ. ಧ್ವನಿ ತುಕ್ಕು ಹಿಡಿದ ಬೀಗದ ಹಾಗಿತ್ತು. ಒಮ್ಮೆ ಬೀಗ ತೆರೆದ ಮೇಲೆ ಒಳಗಿದ್ದದ್ದೂ ಹೊರಗೆ ಬಂತು. "ಆವತ್ತೂ ಇದೇ ಅಂದೆ ಕಣೇ. ನಿಮ್ಮಮ್ಮ ಕರೀತಿದಾಳೆ ಅಂತ ಸಿಸ್ಟರ್ ಬಂದ್ರು. ನಾನು ಬೆಂಚಿನ ಮೇಲೆ ಕೂತು ಅವರ ರಿಜಿಸ್ಟರ್ ಹೊಲೀತಿದ್ದೆ. ಎರಡು ಹೊಲಿಗೆ ಬಾಕಿ ಇತ್ತು. ಇನ್ನೊಂದು ನಿಮಿಷ ಅಂದೆ. ಒಳಗೆ ಹೋದಾಗ ಅವಳು ಇರಲಿಲ್ಲ."

ಮಗಳ ಬೆನ್ನು ಅವನ ಕಡೆಗಿತ್ತು. ಕೈಯಾಡಿಸುವುದನ್ನು ಅವಳು ನಿಲ್ಲಿಸಲಿಲ್ಲ, ನಿಲ್ಲಿಸುವ ಹಾಗೂ ಇರಲಿಲ್ಲ. ನಿಮಿಷ ಮುಗಿದಾಗ ಒಲೆ ಆರಿಸಿ, ಪಾತ್ರೆ ಎತ್ತಿ, ತಟ್ಟೆಗೆ ಸುರಿದಳು. ಟಾಫಿ ರಟ್ಟಿನ ಬಣ್ಣದಲ್ಲಿ ಹರಡಿಕೊಂಡಿತು. ನಿಮಿಷಪ್ಪ ಚಾಕೊಲೇಟ್ ಚೂರು ಹರಡಿದ.

"ಇದನ್ನ ಹೊಟ್ಟೆಲಿಟ್ಕೊಂಡು ಕೂತಿದ್ಯಾ?" ಎಂದಳು ಮಗಳು. "ನಾನು ನಿನ್ನ ಕಲ್ಲು ಅಂದೆ."

"ಅಂದಿದ್ದು ಸರಿಯೇ."

"ಸುಮ್ನಿರು. ಸಿಸ್ಟರನ್ನ ಕೇಳಿದ್ಯಾ, ಅಮ್ಮ ಆವಾಗ ಹೇಗಿದ್ಲು ಅಂತ?"

"ಇಲ್ಲ."

"ನಾಳೆ ಕೇಳು."

"ಬೇಡಮ್ಮ. ಗೊತ್ತಾಗೋದು ಬೇಡ."

"ಬ್ರೇಕ್ ಮೇಲೆ ಕಾಲಿಟ್ಕೊಂಡು ಎಷ್ಟು ದಿನ ಅಂತ ಕೂರ್ತೀಯ ಅಪ್ಪ? ನಾಳೆ ಬಿಟ್ರೆ ಅವರೂ ಸಿಗಲ್ಲ."

ಚಾಕೊಲೇಟ್ ಹೊಳೆಯತೊಡಗಿತ್ತು. ನಿಮಿಷಪ್ಪ ಪಟ್ಟಿ ತೆಗೆದುಕೊಂಡು ಅಂಚಿನಿಂದ ಸವರುತ್ತ ಬಂದ. ಮಗಳು ಬಾದಾಮಿ ಚೂರು ಉದುರಿಸಿದಳು. ಆರಿದ ಮೇಲೆ ಮುರಿದರೆ ಕಟಕ್ಕೆಂದಿತು.

ಮರುದಿನ ಬೆಳಗ್ಗೆ ಹೆಡ್ ಸಿಸ್ಟರ್ ಮೇಜಿನ ಡ್ರಾಯರ್ ಖಾಲಿ ಮಾಡುತ್ತಿದ್ದರು. ಪೆನ್ನು, ಹಳೆಯ ಬೀಗದ ಕೈ, ಒಂಟಿ ಕಾಲುಚೀಲ ಎಲ್ಲವೂ ಒಂದು ರಟ್ಟಿನ ಪೆಟ್ಟಿಗೆಯೊಳಗೆ ಬೀಳುತ್ತಿದ್ದವು. ಅದರ ಪಕ್ಕದಲ್ಲೇ ಆ ರಿಜಿಸ್ಟರ್ ಇತ್ತು. ಬೆನ್ನು ಗಟ್ಟಿಯಾಗಿ, ಒಂದು ಹಾಳೆಯೂ ಅಲ್ಲಾಡದೆ ಕೂತಿತ್ತು. ನಿಮಿಷಪ್ಪ ಅದರಿಂದ ಕಣ್ಣು ಕಿತ್ತುಕೊಂಡ.

"ಓಹೋ, ಬೈಂಡರ್ ಸಾರ್! ಟಾಫಿ ತಂದೇಬಿಟ್ರಾ?" ಸಿಸ್ಟರ್ ಡಬ್ಬ ತೆರೆದು ಒಂದು ಚೂರು ಬಾಯಿಗೆ ಹಾಕಿಕೊಂಡರು. ಕಟಕ್ಕೆಂದ ಶಬ್ದ ಅವನಿಗೂ ಕೇಳಿಸಿತು. "ಅವರು ಹೇಳಿದ ಹಾಗೇ ಇದೆ. ಹಲ್ಲಿಗೆ ಅಂಟಲ್ಲ."

ಮಗಳು ಅಪ್ಪನ ಬೆನ್ನಿಗೆ ಒಂದು ಬೆರಳು ಒತ್ತಿದಳು, ಮುಂದೆ ಹೋಗು ಎನ್ನುವ ಹಾಗೆ.

"ಸಿಸ್ಟರ್, ಆವತ್ತು ನೀವು ನನ್ನನ್ನ ಕರೆದ್ರಲ್ಲ" ಎಂದ ನಿಮಿಷಪ್ಪ. "ನಾನು ಬರಲಿಲ್ಲ. ಆವಾಗ ಅವಳಿಗೆ ಎಚ್ಚರ ಇತ್ತಾ?"

ಸಿಸ್ಟರ್ ಬಾಯಲ್ಲಿದ್ದದ್ದನ್ನು ನುಂಗಿ ಅವನನ್ನು ನೋಡಿದರು. "ಇತ್ತು. ನಾನು ಕರೆಯೋಕೆ ಹೊರಟಾಗಲೇ ಅಂದ್ರು, 'ಅವರು ಏನಂತಾರೆ ನೋಡಿಕೊಂಡು ಬನ್ನಿ' ಅಂತ. ವಾಪಸ್ ಹೋಗಿ, 'ಇನ್ನೊಂದು ನಿಮಿಷ ಅಂದ್ರು' ಅಂದೆ."

"ಅದಕ್ಕೆ?"

"ನಕ್ಕುಬಿಟ್ರು. 'ನನಗೆ ಗೊತ್ತಿತ್ತು, ಮುಂಚೆನೇ ಕರೀಬೇಕಿತ್ತು' ಅಂದ್ರು. ಆಮೇಲೆ ಹಾಗೇ ಕಣ್ಣು ಮುಚ್ಚಿದ್ರು."

ನಿಮಿಷಪ್ಪ ತಲೆಯಾಡಿಸಿದ. ಧನ್ಯವಾದ ಹೇಳಿದನೋ ಇಲ್ಲವೋ ಅವನಿಗೆ ನೆನಪಿಲ್ಲ. ಹೊರಗೆ ಬಂದು ಅದೇ ಬೆಂಚಿನ ಮೇಲೆ ಕೂತ. ಅವನ ಆ ಒಂದು ನಿಮಿಷವನ್ನು ಮುಂಚಿತವಾಗಿಯೇ ಎತ್ತಿಡುತ್ತ ಬಂದವಳಿಗೆ ಆವತ್ತು ಮಾತ್ರ ಎತ್ತಿಡಲು ಒಂದು ನಿಮಿಷ ಇರಲಿಲ್ಲ. ತಪ್ಪು ತನ್ನದೆಂದುಕೊಂಡೇ ಹೋದಳಲ್ಲ ಎನ್ನಿಸಿದ್ದೇ ತಡ, ಎರಡು ತಿಂಗಳ ಅಳು ಒಂದೇ ಸಲಕ್ಕೆ ಬಂತು, ಹೆಗಲು ಅಲ್ಲಾಡುವಷ್ಟು. ಟ್ರಾಲಿ ತಳ್ಳುತ್ತ ಹೋದವನು ತಿರುಗಿ ನೋಡಿ ಮುಂದೆ ಹೋದ. ನಿಮಿಷಪ್ಪನಿಗೆ ನೋವಾಗುತ್ತಿತ್ತು, ಚೆನ್ನಾಗಿಯೇ ನೋವಾಗುತ್ತಿತ್ತು.

ಮಗಳಿಗೆ ಹತ್ತು ಗಂಟೆಗೆ ಪಾಠವಿತ್ತು. ಅವಳು ಗಡಿಯಾರ ನೋಡಿದಳು, ಅಪ್ಪನನ್ನು ನೋಡಿದಳು.

"ಹೋಗೋಣ್ವಾ ಅಪ್ಪ?"

"ಇನ್ನೊಂದು ನಿಮಿಷ" ಎಂದ ನಿಮಿಷಪ್ಪ.

ಅವಳು ಫೋನು ತೆಗೆದು ಪಾಠವನ್ನು ಹನ್ನೊಂದಕ್ಕೆ ಮುಂದೂಡಿ, ಅವನ ಪಕ್ಕದಲ್ಲಿ ಕೂತಳು.